ಆಣೆಯ ಅಧ್ಯಕ್ಷಗಿರಿ

ಸೊಣ್ಣೇಕೋಟೆಯಲ್ಲಿ ಕರ್ಪೂರದ ಆಣೆಗೆ ಬೆಲೆ ಹೋಗಿ ಬಹಳ ಕಾಲವಾಗಿತ್ತು. ಪುರಸಭೆಯ ಅಧ್ಯಕ್ಷಗಿರಿಯನ್ನು ಇಬ್ಬರು ಹಂಚಿಕೊಳ್ಳುವಾಗ, ಮೊದಲು ಕೂರುವವನು ಕೋಟೆ ಮಾರಮ್ಮನ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, ಅರ್ಧ ಅವಧಿ ಮುಗಿದ ದಿನ ಎದ್ದುಬಿಡುತ್ತೇನೆ ಎಂದು ಹೇಳಬೇಕು. ಇದು ಊರಿನ ಪದ್ಧತಿ. ಹೇಳಿದವರು ಬೇಕಾದಷ್ಟು ಜನ, ಎದ್ದವರು ಒಬ್ಬರೂ ಇಲ್ಲ. ಒಬ್ಬನಂತೂ ಅಂಗೈಯ ಬೊಬ್ಬೆ ಒಣಗುವ ಮೊದಲೇ ಮಾತು ಮರೆತ. ಮಾರಮ್ಮ ಅವನಿಗೆ ಕೊಟ್ಟ ಶಿಕ್ಷೆ ಏನೆಂದರೆ ಒಂದು ಪೆಟ್ರೋಲ್ ಬಂಕು, ಎರಡು ಕಲ್ಯಾಣ ಮಂಟಪ.

ಆ ಸಲದ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ಬಂತು. ಗೆದ್ದ ಗುಂಪಿನಲ್ಲಿ ಕೂರಲು ಇಬ್ಬರು ಹೆಂಗಸರಿದ್ದರು. ಒಬ್ಬಳು ಉಮಾಶಂಕರನ ಹೆಂಡತಿ ರಂಜಿತ, ಇನ್ನೊಬ್ಬಳು ಕಂಟ್ರಾಕ್ಟರ್ ಸುನಿಲ್‌ಕುಮಾರನ ಹೆಂಡತಿ ಅಕ್ಷತ. ಅವರಿಬ್ಬರನ್ನೂ ಯಾರೂ ಏನೂ ಕೇಳಲಿಲ್ಲ. ಗಂಡಂದಿರು ಸದಸ್ಯರನ್ನೆಲ್ಲ ನಂದಿ ಬೆಟ್ಟದ ತಪ್ಪಲಿನ ಒಂದು ರೆಸಾರ್ಟಿನಲ್ಲಿ ಕೂಡಿಹಾಕಿ, ತಿನ್ನಿಸಿ ಕುಡಿಸಿ, ಇದ್ದ ಎರಡೂವರೆ ವರ್ಷವನ್ನು ಹಲಸಿನ ಹಣ್ಣಿನ ಹಾಗೆ ನಡುವೆ ಸೀಳಿ ಹಂಚಿಕೊಂಡರು. ಮೊದಲರ್ಧ ರಂಜಿತ, ಉಳಿದರ್ಧ ಅಕ್ಷತ. ಅಧ್ಯಕ್ಷರ ಆಯ್ಕೆಯ ಬೆಳಿಗ್ಗೆ ಸದಸ್ಯರ ಬಸ್ಸು ನೇರ ಪುರಸಭೆಗೆ ಹೋಗದೆ ಮಾರಮ್ಮನ ಗುಡಿಯ ಮುಂದೆ ನಿಂತಿತು. ಪೂಜಾರಿ ಕರ್ಪೂರ ಹಚ್ಚಿದ. ಉಮಾಶಂಕರ್ ಅಂಗಿಯ ತೋಳು ಮಡಚಿದ.

“ಕರ್ಪೂರ ಬೇಡ ಕಣಣ್ಣ,” ಎಂದ ಸುನಿಲ್‌ಕುಮಾರ್. “ಕರ್ಪೂರ ಆರ್ಸಿದೋರೆಲ್ಲ ಕಾರಲ್ಲಿ ಓಡಾಡ್ತಾವ್ರೆ. ಮಗೂ ತಲೆ ಮುಟ್ಟು.”

“ಏನ್ ಗುರು, ನನ್ ಮೇಲೆ ನಂಬ್ಕೆ ಇಲ್ವಾ?”

“ನಂಬ್ಕೆ ಇರೋದಕ್ಕೇ ಕೇಳ್ತಿರೋದು. ಎದ್ದೇಳೋನೇ ಆದ್ರೆ ನಿಂಗ್ಯಾಕೆ ಭಯ?”

ಮಗು ಅಲ್ಲೇ ಇತ್ತು. ರೆಸಾರ್ಟಿನಲ್ಲಿ ಈಜುಕೊಳ ಇದೆಯೆಂದು ಕೇಳಿ ಹಟಮಾಡಿ ಅಮ್ಮನ ಜೊತೆ ಹೋಗಿದ್ದಳು ಕೀರ್ತನ, ಮೂರನೇ ಕ್ಲಾಸಿನ ಹುಡುಗಿ. ಕೂದಲು ಇನ್ನೂ ಒದ್ದೆಯಾಗಿತ್ತು. ಕೈಯಲ್ಲಿ ಚುರುಮುರಿಯ ಪೊಟ್ಟಣ. ಸದಸ್ಯರೆಲ್ಲ ನೋಡುತ್ತಿದ್ದರು, ಹಿಂಜರಿದರೆ ಮರ್ಯಾದೆ ಹೋಗುತ್ತದೆ. ಉಮಾಶಂಕರ್ ಮಗಳ ನೆತ್ತಿಯ ಮೇಲೆ ಕೈಯಿಟ್ಟು, ಅರ್ಧ ಅವಧಿ ಮುಗಿದ ದಿನ ನನ್ನ ಹೆಂಡತಿ ರಾಜೀನಾಮೆ ಕೊಡುತ್ತಾಳೆ, ತಪ್ಪಿದರೆ ಈ ಮಗು ನನಗಿಲ್ಲ ಎಂದ. ರಂಜಿತ ಬಾಯಿ ತೆರೆದಳು. ಅಷ್ಟರಲ್ಲಿ ಪೂಜಾರಿ ಗಂಟೆ ಬಾರಿಸಿಬಿಟ್ಟ. ಗಂಟೆ ಬಾರಿಸದಿದ್ದರೆ ತಾನು ಮಾತಾಡುತ್ತಿದ್ದೆನೇ ಎಂದು ಆಮೇಲೆ ಅವಳು ಎಷ್ಟೋ ಸಲ ಕೇಳಿಕೊಂಡಳು. ಇಲ್ಲ, ಆಡುತ್ತಿರಲಿಲ್ಲ. ಅಧ್ಯಕ್ಷೆಯಾಗುವ ಆಸೆ ಅವಳಿಗೂ ಒಂದು ಹಿಡಿ ಇತ್ತು.

ಸೊಣ್ಣೇಕೋಟೆಯ ಆಡಳಿತಕ್ಕೆ ದೊಡ್ಡ ಚರಿತ್ರೆ ಇದೆ. ಪುರಸಭೆಯ ವಾರ್ಷಿಕೋತ್ಸವದಲ್ಲಿ ಅದನ್ನು ಭಾಷಣಕಾರರು ಉಸಿರು ಬಿಡದೆ ಹೇಳುತ್ತಾರೆ. ಆವತಿಯ ಕಡೆಯಿಂದ ಬಂದ ಗೌಡರ ಒಂದು ಕವಲು ಇಲ್ಲಿ ಮಣ್ಣಿನ ಕೋಟೆ ಕಟ್ಟಿತು, ಸುತ್ತ ಕಂದಕ ತೋಡಿತು, ಯಾರು ಒಳಗಿರಬೇಕು ಯಾರು ಆಚೆಗಿರಬೇಕು ಎಂದು ತೀರ್ಮಾನ ಮಾಡಿತು. ಕಮಿಷನರ್ ದೊರೆಗಳ ಕಾಲದಲ್ಲಿ ಅಮಲ್ದಾರರೇ ಅಧ್ಯಕ್ಷರಾಗಿ ಮುನಿಸಿಪಾಲಿಟಿ ಹುಟ್ಟಿತು, ಬೀದಿಗೆ ಸೀಮೆಎಣ್ಣೆ ದೀಪ ಬಂತು. ದೀಪದ ಕಂಬ ಕಂದಕದ ಈ ದಡದವರೆಗೆ. ಮಹಾರಾಜರ ಕಾಲದಲ್ಲಿ ಜರಿಪೇಟದ ಮೆಂಬರುಗಳು ಬಂದರು, ನಲ್ಲಿ ನೀರು ಬಂತು. ನಲ್ಲಿಯೂ ಕಂದಕದ ಈ ದಡದವರೆಗೆ. ಸ್ವಾತಂತ್ರ್ಯ ಬಂತು, ಓಟು ಬಂತು, ಮೀಸಲಾತಿ ಬಂತು, ಚರಂಡಿ ಬಂತು, ಸಿಸಿ ಕ್ಯಾಮೆರಾ ಬಂತು. ನಡುವೆ ಕಂದಕವನ್ನೇ ಅರ್ಧ ಮುಚ್ಚಿ ಸೈಟು ಮಾಡಿ ಮಾರಿಕೊಂಡರು. ಕಂದಕ ಹೋದರೂ ಕಂದಕದ ಗೆರೆಯನ್ನು ಮಾತ್ರ ಯಾವ ಆಡಳಿತವೂ ದಾಟಲಿಲ್ಲ. ಆಚೆಯ ಕೇರಿ ಹಾಗೇ ಇತ್ತು, ತನ್ನ ಒಂದು ಬಾವಿಯ ಜೊತೆ. ಭಾಷಣಕಾರರು ಅದನ್ನು ಹೇಳುವುದಿಲ್ಲ. ಊಟಕ್ಕೆ ಹೊತ್ತಾಗುತ್ತದೆ.

ಮೊದಮೊದಲು ರಂಜಿತ ಆಫೀಸಿಗೆ ಹೋಗಿ ಸಹಿ ಹಾಕಿ ಬರುತ್ತಿದ್ದಳು. ಅವಳ ಕುರ್ಚಿಯ ಪಕ್ಕದಲ್ಲೇ ಉಮಾಶಂಕರನ ಕುರ್ಚಿ. ಜನ ಅವನಿಗೆ ನಮಸ್ಕಾರ ಹಾಕಿ, ಮಿಕ್ಕಿದ್ದನ್ನು ಅವಳಿಗೆ ಹಾಕುತ್ತಿದ್ದರು. ಆ ಕೇರಿಯ ಮುತ್ತಮ್ಮ ಎಂಬ ಮುದುಕಿ ವಾರಕ್ಕೊಮ್ಮೆ ಖಾಲಿ ಬಿಂದಿಗೆ ಹಿಡಿದು ಬಂದು ಪುರಸಭೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಕೂರುತ್ತಿದ್ದಳು ಅಷ್ಟೆ. ಎಷ್ಟೋ ಅಧ್ಯಕ್ಷರು ಅವಳನ್ನು ದಾಟಿಕೊಂಡು ಒಳಗೆ ಹೋಗಿದ್ದರು. ಗಂಡ ಬೆಂಗಳೂರಿಗೆ ಹೋಗಿದ್ದ ಒಂದು ದಿನ ರಂಜಿತ ಅವಳ ಜೊತೆ ನಡೆದು ಹೋಗಿ ಆ ಬಾವಿಗೆ ಬಗ್ಗಿ ನೋಡಿದಳು. ಹಸಿರು ಪಾಚಿ, ಅದರ ಮೇಲೆ ತೇಲುವ ಹಾಲಿನ ಕವರು, ಸತ್ತ ಹೆಗ್ಗಣ. ಮುತ್ತಮ್ಮ ಕವರನ್ನು ಕೋಲಿನಿಂದ ಸರಿಸಿ, ಬಿಂದಿಗೆ ಮುಳುಗಿಸಿ, ಸೆರಗಿನಲ್ಲಿ ಸೋಸಿದಳು. ಕುಡಿಯೋದಕ್ಕಾ ಎಂದು ರಂಜಿತ ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ.

ಅವತ್ತಿನಿಂದ ಅವಳಿಗೆ ಒಂದು ಹುಚ್ಚು ಹಿಡಿಯಿತು. ಕೇರಿಗೆ ಪೈಪು ಎಳೆಸಲೇಬೇಕು. ಎಸ್ಟಿಮೇಟು ಬರೆಸಿದಳು, ಇಂಜಿನಿಯರ ಬೆನ್ನು ಬಿದ್ದಳು, ಸಾಮಾನ್ಯ ಸಭೆಯಲ್ಲಿ ಗಂಡನ ಮುಖ ನೋಡದೆ ಎದ್ದು ನಿಂತು ಮಾತಾಡಿದಳು. ಉಮಾಶಂಕರ್ ಬೆರಗಾದ. ಪೈಪಿನ ಕೆಲಸದಲ್ಲಿ ತನಗೂ ಒಂದಿಷ್ಟು ಸಿಗುತ್ತದೆ ಎಂದು ಗೊತ್ತಾದ ಮೇಲೆ ಬೆರಗು ಬಿಟ್ಟು ಜೊತೆಗೆ ನಿಂತ. ಒಂದು ದಿನ ಲಾರಿಯಲ್ಲಿ ನೀಲಿ ಪೈಪುಗಳು ಬಂದು ಕಂದಕದ ದಡದಲ್ಲಿ ಬಿದ್ದವು. ಮುತ್ತಮ್ಮ ಅವುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ರಂಜಿತಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು.

“ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವಾ,” ಎಂದಳು.

ಗುಂಡಿ ತೋಡುವುದು ಅರ್ಧವಾಗಿತ್ತು. ಆಗ ಅರ್ಧ ಅವಧಿಯೂ ಮುಗಿಯಿತು.

ಈಗ ಎದ್ದರೆ ಪೈಪಿನ ಗತಿ ಏನಾಗುತ್ತದೆ ಎಂದು ರಂಜಿತಳಿಗೆ ಚೆನ್ನಾಗಿ ಗೊತ್ತಿತ್ತು. ಸುನಿಲ್‌ಕುಮಾರ್ ಊರಾಚೆ ಹೊಸ ಲೇಔಟ್ ಮಾಡುತ್ತಿದ್ದ, ಅಲ್ಲಿ ನೀರಿಲ್ಲದೆ ಸೈಟು ಹೋಗುತ್ತಿರಲಿಲ್ಲ. ಇನ್ನೆರಡು ತಿಂಗಳು ಸಿಕ್ಕರೆ ಕೇರಿಯ ನಲ್ಲಿಯಲ್ಲಿ ನೀರು ಬರುತ್ತದೆ, ಆಮೇಲೆ ಯಾರ ಕೈಯಲ್ಲೂ ಅದನ್ನು ಕಿತ್ತುಕೊಂಡು ಹೋಗಲಾಗುವುದಿಲ್ಲ. ಹೀಗೆಂದು ಅವಳು ತನಗೆ ತಾನೇ ಹೇಳಿಕೊಂಡಳು. ಸುಳ್ಳಲ್ಲ. ಆದರೆ ಕಾರಿಳಿದ ಕೂಡಲೇ ಅಟೆಂಡರು ಓಡಿಬಂದು ಬ್ಯಾಗು ಹಿಡಿಯುವ ಸುಖವೂ ಅದರೊಳಗೆ ಒಂದು ಪಾಲು ಇತ್ತು. ಗಂಡನಿಗಂತೂ ಪಾಲಲ್ಲ, ಪೂರ್ತಿ ಅದೇ. “ಆಣೆ ಗೀಣೆ ಎಲ್ಲ ಯಾವ ಕಾಲದ್ದೇ? ಏನೂ ಆಗಲ್ಲ. ಕೂತ್ಕೋ ಸುಮ್ನೆ,” ಎಂದ. ಹಾಗೆಂದವನು ಅವತ್ತೇ ಸಂಜೆ ತ್ಯಾಮಗೊಂಡ್ಲು ಕಡೆಯ ಯಾರೋ ಸ್ವಾಮಿಯಿಂದ ತಾಯತ ತಂದು ಮಗಳ ತೋಳಿಗೆ ಕಟ್ಟಿದ.

ಸುನಿಲ್‌ಕುಮಾರ್ ಜಗಳಕ್ಕೆ ಬರಲಿಲ್ಲ. ಅವಿಶ್ವಾಸ ತರುವಷ್ಟು ಕೈಗಳು ಅವನ ಹತ್ತಿರ ಇರಲಿಲ್ಲ. ಅವನು ಮಾಡಿದ್ದು ಬಹಳ ಸಣ್ಣ ಕೆಲಸ. ಎದುರಾದವರನ್ನೆಲ್ಲ ನಿಲ್ಲಿಸಿ, ಅಧ್ಯಕ್ಷರ ಮಗು ಹುಷಾರಾಗಿದೆಯಂತಾ ಎಂದು ಕೇಳತೊಡಗಿದ. ಟೀ ಅಂಗಡಿಯಲ್ಲಿ ಕೇಳಿದ, ಕಟಿಂಗ್ ಶಾಪಿನಲ್ಲಿ ಕೇಳಿದ, ಡೈರಿಯ ಮುಂದೆ ಕೇಳಿದ. ಪುರಸಭೆಯ ಬಾಗಿಲಲ್ಲಿ ರಂಜಿತಳನ್ನೇ ಕೇಳಿದ.

“ಅತ್ಗೆ, ಪಾಪು ಹೆಂಗವ್ಳೆ? ಊಟ ಗೀಟ ಮಾಡ್ತಾವ್ಳಾ?”

“ಚೆನ್ನಾಗವ್ಳೆ.”

“ಅಷ್ಟೇ ಸಾಕು ಬಿಡಿ,” ಎಂದು ಎರಡೂ ಕೈ ಎತ್ತಿ ಮಾರಮ್ಮನ ಗುಡಿಯ ಕಡೆ ಮುಗಿದ.

ಊರ ಬಾಯಿಗೆ ಇನ್ನೇನು ಬೇಕು? ಸೊಣ್ಣೇಕೋಟೆಯ ಜನ ಕೆಟ್ಟವರೇನಲ್ಲ. ಸಾವಿಗೆ ಬರುತ್ತಾರೆ, ಮದುವೆಗೆ ಬರುತ್ತಾರೆ, ಮುಯ್ಯಿ ತಪ್ಪಿಸುವುದಿಲ್ಲ. ಆದರೆ ನಡೆಯಲಿರುವ ಸಾವನ್ನು ಮುಂಚಿತವಾಗಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ ನೋಡಿ, ಅದಕ್ಕೇ ಅವರು ಅದನ್ನು ಬಿಡಲಿಲ್ಲ. ಕೀರ್ತನ ಅಂಗಡಿಗೆ ಹೋದರೆ ಅಂಗಡಿಯವಳು ಕಾಸಿಲ್ಲದೆ ಚಾಕೊಲೇಟು ಕೊಟ್ಟು ಕಣ್ಣೊರೆಸಿಕೊಂಡಳು. ಹುಡುಗಿ ಕೆಮ್ಮಿದರೆ ಅಕ್ಕಪಕ್ಕದ ಬಾಗಿಲು ತೆರೆದುಕೊಂಡವು. ಶಾಲೆಯ ವ್ಯಾನಿನಲ್ಲಿ ತಮ್ಮ ಮಕ್ಕಳನ್ನು ಕಳಿಸುತ್ತಿದ್ದ ತಾಯಂದಿರು ಡ್ರೈವರನ ಹತ್ತಿರ ಹೋಗಿ, ಆ ಹುಡುಗಿಗೆ ಆಗೋದು ವ್ಯಾನಲ್ಲೇ ಆದರೆ ನಮ್ಮ ಮಕ್ಕಳ ಗತಿ ಏನಪ್ಪಾ ಎಂದು ಕೇಳಿದರು. ಅವನೂ ಮಕ್ಕಳೊಂದಿಗ. ಮರುದಿನದಿಂದ ಕೀರ್ತನಳ ಬೀದಿಗೆ ವ್ಯಾನು ತಿರುಗಲಿಲ್ಲ. ರಂಜಿತ ಪುರಸಭೆಯ ಕಾರಿನಲ್ಲಿ ಮಗಳನ್ನು ಬಿಟ್ಟು ಬರತೊಡಗಿದಳು.

ಒಂದು ದಿನ ಕಾರಿನಲ್ಲಿ ಹುಡುಗಿ ಕೇಳಿದಳು.

“ಅಮ್ಮಾ, ನಾನು ಸಾಯೋದು ಎಕ್ಸಾಮ್ ಮುಂಚೆನಾ, ಆಮೇಲಾ?”

“ಯಾರೇ ಹಂಗಂದಿದ್ದು?”

“ಸಿಂಚನ. ಮುಂಚೆ ಆದ್ರೆ ಓದೋದು ಬೇಡ, ಆಟ ಆಡ್ಕೋ ಅಂದ್ಲು.”

ಸಿಂಚನ ಎಂದರೆ ಸುನಿಲ್‌ಕುಮಾರನ ಮಗಳು. ಅದೇ ಕ್ಲಾಸು, ಅದೇ ಬೆಂಚು. ಅವಳು ಕುಚೋದ್ಯಕ್ಕೆ ಹೇಳಿರಲಿಲ್ಲ, ಗೆಳತಿಗೆ ಉಪಕಾರವಾಗಲಿ ಎಂದೇ ಹೇಳಿದ್ದಳು. ರಂಜಿತ ಮಗಳನ್ನು ತಬ್ಬಿಕೊಂಡು ಅತ್ತಳು. ಕಾರಿನ ಡ್ರೈವರು ಕನ್ನಡಿಯಲ್ಲಿ ನೋಡಿದ, ಮಧ್ಯಾಹ್ನದೊಳಗೆ ಅಧ್ಯಕ್ಷರು ಮಗಳನ್ನು ತಬ್ಬಿ ಅತ್ತ ಸುದ್ದಿ ಬಸ್‌ಸ್ಟ್ಯಾಂಡು ದಾಟಿತ್ತು.

ರಾತ್ರಿಯ ಊಟದ ಹೊತ್ತಿಗೆ ಅವಳು ರಾಜೀನಾಮೆ ಕೊಡುತ್ತೇನೆ ಎಂದಳು. ಉಮಾಶಂಕರ್ ಮುದ್ದೆ ಮುರಿಯುತ್ತಾ ಯೋಚಿಸಿ, ಹಾವೂ ಸಾಯದ ಕೋಲೂ ಮುರಿಯದ ಒಂದು ಉಪಾಯ ಹೇಳಿದ. “ಕೊಡು. ಡಿಸಿ ಆಫೀಸಲ್ಲಿ ಹೋಗಿ ಕೊಟ್ಬಿಡು. ರಾಜೀನಾಮೆ ಕೊಡ್ತಾಳೆ ಅಂತ ತಾನೇ ನಾನು ಆಣೆ ಇಟ್ಟಿದ್ದು? ಆಣೆ ತೀರ್ತು. ಅಂಗೀಕಾರ ಆಗೋಕ್ ಮುಂಚೆ ವಾಪಸ್ ತಗೊಂಡ್ಬಿಡಣ. ವಾಪಸ್ ತಗೋಬಾರ್ದು ಅಂತ ಗುಡೀಲಿ ಯಾರೂ ಹೇಳಿಲ್ಲ.”

ಅವನ ತಾಯಿ ಅಮ್ಮಯಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. “ಮಾರಮ್ಮ ಏನು ಡಿಸಿ ಆಫೀಸಿನ ಗುಮಾಸ್ತಳೇನ್ಲಾ, ನಿನ್ ರೂಲ್ಸು ಕೇಳೋಕೆ? ತಲೆ ಮುಟ್ಟಿದ್ದೀಯ, ತಲೆನೇ ಕೇಳ್ತಾಳೆ. ತಲೆ ಬದ್ಲಿಗೆ ಮುಡಿ ಕೊಟ್ರೆ ಒಪ್ಕೊಂತಾಳೆ. ಹಿಂದಿನೋರು ಹಂಗೇ ಮಾಡ್ತಿದ್ದಿದ್ದು.”

ಮೂವರಿಗೂ ಇದು ಹಿಡಿಸಿತು. ಗಂಡನಿಗೆ ಕುರ್ಚಿ ಉಳಿಯಿತು. ಅತ್ತೆಗೆ ದೇವರ ಸಾಲ ತೀರಿತು. ರಂಜಿತಳಿಗೆ ಪೈಪೂ ಉಳಿಯಿತು, ಮಗಳೂ ಉಳಿದಳು. ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೂದಲು ಸೊಂಟದವರೆಗೆ ಬರುತ್ತಿತ್ತು, ಶಾಲೆಯ ನೃತ್ಯಕ್ಕೆ ಅವಳಿಗೆ ರಾಧೆಯ ಪಾತ್ರ ಸಿಕ್ಕಿದ್ದೇ ಆ ಜಡೆಗಾಗಿ. ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಅವಳನ್ನು ಮಣೆಯ ಮೇಲೆ ಕೂರಿಸಿ ನುಣ್ಣಗೆ ಬೋಳಿಸಿ, ತಲೆಗೆ ಗಂಧ ಬಳಿದರು. ಅವಳು ಅಳಲಿಲ್ಲ. “ಈಗ ಸಾಯಲ್ವಾ?” ಎಂದು ಒಮ್ಮೆ ಕೇಳಿದಳು. “ಇಲ್ಲ ಕಂದಾ, ಮುಗೀತು,” ಎಂದಳು ಅಜ್ಜಿ.

ಮುಗಿಯಲಿಲ್ಲ. ಗುಡಿಯ ಮುಂದೆ ನಿಂತು ನೋಡಿದವರು ಹತ್ತು ಜನ, ಬೋಳು ತಲೆಯ ಹುಡುಗಿಯನ್ನು ಕಾರಿನ ಕಿಟಕಿಯಲ್ಲಿ ನೋಡಿದವರು ಊರೆಲ್ಲ. ಕೂದಲು ಉದುರಿದೆಯಂತೆ ಎಂದರು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ, ರಕ್ತದಲ್ಲಿ ಹರಡಿದೆಯಂತೆ, ಡಾಕ್ಟರು ಕೈ ಬಿಟ್ಟರಂತೆ. ಮುಡಿ ಕೊಟ್ಟದ್ದಪ್ಪಾ ಎಂದು ಪೂಜಾರಿ ಹೇಳಿದರೆ, ನಿಂಗೆ ಹಾಗೆ ಹೇಳು ಅಂತ ದುಡ್ಡು ಕೊಟ್ಟಿದಾರಾ ಎಂದು ಅವನನ್ನೇ ಕೇಳಿದರು. ಶಾಲೆಯಲ್ಲಿ ರಾಧೆಯ ಪಾತ್ರವನ್ನು ಬೇರೆ ಹುಡುಗಿಗೆ ಕೊಟ್ಟು, ಕೀರ್ತನಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ದಿಂಬು ಹಾಕಿ ಕೂರಿಸಿದರು.

ಸುನಿಲ್‌ಕುಮಾರನಿಗೆ ಇದಕ್ಕಿಂತ ಒಳ್ಳೆಯ ಕಾಲ ಬರುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕೋಟೆ ಬಾಗಿಲವರೆಗೆ ಫ್ಲೆಕ್ಸ್ ಕಟ್ಟಿಸಿದ. ‘ಪುರಸಭಾಧ್ಯಕ್ಷರ ಸುಪುತ್ರಿ ಕುಮಾರಿ ಕೀರ್ತನಳ ಆಯುರಾರೋಗ್ಯಕ್ಕಾಗಿ ಸಾಮೂಹಿಕ ಪ್ರಾರ್ಥನೆ ಹಾಗೂ ಮೃತ್ಯುಂಜಯ ಹೋಮ, ಸರ್ವರಿಗೂ ಸ್ವಾಗತ, ಊಟದ ವ್ಯವಸ್ಥೆ ಇದೆ.’ ನಡುವೆ ಹುಡುಗಿಯ ನಗುವ ಫೋಟೋ, ಸುತ್ತ ಹೂವಿನ ಅಂಚು, ಎರಡು ಬದಿಗೆ ಉರಿಯುವ ದೀಪ. ಕೆಳಗೆ ಸಾಲಾಗಿ ಕೈಮುಗಿದ ಸದಸ್ಯರು. ದೂರದಿಂದ ನೋಡಿದವರು ಹುಡುಗಿ ಹೋಗೇಬಿಟ್ಟಳು ಎಂದುಕೊಂಡರು. ದೊಡ್ಡಬಳ್ಳಾಪುರದಿಂದ ರಂಜಿತಳ ಅಕ್ಕ ಎದೆ ಬಡಿದುಕೊಳ್ಳುತ್ತಾ ಆಟೋದಲ್ಲಿ ಬಂದು, ಬಾಗಿಲಲ್ಲಿ ಇಡ್ಲಿ ತಿನ್ನುತ್ತಾ ನಿಂತ ಮಗುವನ್ನು ಕಂಡು ಅಲ್ಲೇ ಕುಸಿದಳು.

ಅನುಮತಿಯಿಲ್ಲದ ಫ್ಲೆಕ್ಸ್ ತೆಗೆಯುವುದು ಪುರಸಭೆಯ ಕೆಲಸ. ಅಧ್ಯಕ್ಷೆ ಆದೇಶ ಮಾಡಿದಳು, ಆಳುಗಳು ಕಿತ್ತರು. ಸಂಜೆಗೆ ಊರು ತೀರ್ಪು ಕೊಟ್ಟಿತು: ಹೆತ್ತ ಮಗಳಿಗಾಗಿ ಊರೇ ಪ್ರಾರ್ಥನೆ ಮಾಡಿದರೆ ಇವಳು ನಿಲ್ಲಿಸಿದಳು, ಕುರ್ಚಿ ಅನ್ನೋದು ಎಂಥೆಂಥೋರನ್ನು ರಾಕ್ಷಸರು ಮಾಡುತ್ತಪ್ಪಾ. ಹೋಮ ನಡೆಯಿತು. ಊಟಕ್ಕೆ ಎರಡು ಪಂಕ್ತಿ ಹೆಚ್ಚಾಯಿತು. ಪಾಯಸ ಚೆನ್ನಾಗಿತ್ತಂತೆ.

ಇಷ್ಟಾದರೂ ರಂಜಿತ ಹಲ್ಲು ಕಚ್ಚಿ ಕೂತಿದ್ದಳು. ಗುಂಡಿ ಕೇರಿಯ ಮೊದಲ ಮನೆ ಮುಟ್ಟಿತ್ತು. ನಿನ್ನ ಮೇಲೆ ಆಣೆ ಇಟ್ಟಿದ್ದು ಸುಳ್ಳು, ದೇವರು ಹಾಗೆಲ್ಲ ಮಕ್ಕಳನ್ನು ಕೊಲ್ಲುವುದಿಲ್ಲ, ಸ್ವಲ್ಪ ದಿನ ತಡಿ, ಕೇರಿಯಲ್ಲಿ ನೀರು ಬಂದಾಗ ನಿನ್ನ ಕೈಯಲ್ಲೇ ನಲ್ಲಿ ತಿರುಗಿಸ್ತೀನಿ ಎಂದು ಮಗಳಿಗೆ ದಿನವೂ ಹೇಳುತ್ತಿದ್ದಳು. ಹುಡುಗಿ ತಲೆಯಾಡಿಸುತ್ತಿದ್ದಳು. ಊಟ ಕಡಿಮೆಯಾಗಿತ್ತು, ಆಟ ನಿಂತಿತ್ತು. ತನ್ನ ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಬೀದಿಯ ಮಕ್ಕಳಿಗೆ ಹಂಚುತ್ತಿದ್ದಾಳೆ ಎಂದು ರಂಜಿತಳಿಗೆ ತಡವಾಗಿ ತಿಳಿಯಿತು.

ಒಂದು ಸಂಜೆ ಮುತ್ತಮ್ಮ ಮನೆಗೆ ಬಂದಳು. ಆಫೀಸಿಗಲ್ಲ, ಮನೆಗೆ, ಅದೇ ಮೊದಲು. ಜಗಲಿಯ ಕೆಳಗೇ ಕೂತಳು. ರಂಜಿತ ಮೇಲೆ ಬಾ ಎಂದು ಕರೆದರೂ ಬರಲಿಲ್ಲ. ಅಧ್ಯಕ್ಷರು ರಾಜೀನಾಮೆ ಕೊಡುತ್ತಾರಂತೆ ಎಂಬ ಸುದ್ದಿ ಕೇರಿಗೆ ಮುಟ್ಟಿತ್ತು.

“ಕೊಡಬ್ಯಾಡ ಕಣವ್ವ,” ಎಂದಳು. “ಕಾಲಿಗ್ ಬೀಳ್ತೀನಿ. ಇನ್ನೊಂದ್ ತಿಂಗ್ಳು ತಡ್ಕೋ.”

“ಊರಲ್ಲಿ ಏನಂತಾವ್ರೆ ಗೊತ್ತಾ ನಿಂಗೆ?”

“ಗೊತ್ತು ಕಣವ್ವ. ಮಗ ಉಳಿಯಕಿಲ್ಲ ಅಂತಾವ್ರೆ.” ಮುತ್ತಮ್ಮ ಕಣ್ಣು ಕೆಳಗೆ ಮಾಡಲಿಲ್ಲ. “ನಂದೂ ಎರಡು ಹೋದೊ. ಆ ಬಾವಿ ನೀರು ಕುಡ್ದು ವಾಂತಿ ಬೇದಿ ಅಂಟ್ಕಂಡು, ಹಿಂದ್‌ಹಿಂದೆನೇ ಹೋದೊ. ಅವುಗಳ ತಲೆ ಮ್ಯಾಲೆ ಯಾರೂ ಆಣೆ ಇಟ್ಟಿರ್ಲಿಲ್ಲ. ಬದುಕಿಲ್ವಾ ನಾನು? ನೀನಿನ್ನೂ ಚಿಕ್ಕೋಳು. ಮಗ ಇನ್ನೊಂದ್ ಆಯ್ತದೆ. ನೀರು ಆಗಕಿಲ್ಲ ಕಣವ್ವ. ನೀರು ಇನ್ ಆಗಕಿಲ್ಲ.”

ಇವಳನ್ನು ಬೈಯಬೇಕು ಎಂದು ರಂಜಿತಳಿಗೆ ಅನ್ನಿಸಿತು. ಆದರೆ ಮುದುಕಿ ಹೇಳಿದ್ದರಲ್ಲಿ ಸುಳ್ಳು ಎಲ್ಲೂ ಇರಲಿಲ್ಲ. ಬಾಗಿಲ ಹಿಂದಿನಿಂದ ಕೀರ್ತನ ಹೊರಗೆ ಬಂದಳು. ತಲೆಯಲ್ಲಿ ಆಗತಾನೆ ಚಿಗುರು ಕೂದಲು ಮೂಡುತ್ತಿತ್ತು. ನೇರ ಮುತ್ತಮ್ಮನ ಮುಂದೆ ಹೋಗಿ ನಿಂತಳು.

“ಅಜ್ಜಿ, ನಾನು ಸತ್ರೆ ನಿಮ್ಗೆ ನೀರು ಬರುತ್ತಾ?”

ಮುತ್ತಮ್ಮ ಹುಡುಗಿಯನ್ನು ನೋಡಿದಳು. ಇಷ್ಟು ವರ್ಷ ಎಲ್ಲರಿಂದ ಸುಳ್ಳು ಕೇಳಿಸಿಕೊಂಡವಳಿಗೆ ಮಗುವಿನ ಮುಂದೆ ಸುಳ್ಳು ಹೇಳಲು ಬರಲಿಲ್ಲ.

“ಬತ್ತದೆ ಕಣ್ ಮಗಾ.”

“ಹಂಗಾದ್ರೆ ಸರಿ,” ಎಂದಳು ಕೀರ್ತನ. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ರಂಜಿತ ಗಂಡನಿಗೆ ಹೇಳದೆ, ಪುರಸಭೆಯ ಕಾರನ್ನೂ ಮುಟ್ಟದೆ, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಡಿಸಿ ಆಫೀಸಿನಲ್ಲಿ ರಾಜೀನಾಮೆ ಕೊಟ್ಟಳು. ವಾಪಸ್ ತೆಗೆದುಕೊಳ್ಳುವ ದಿನಗಳು ಮುಗಿಯುವವರೆಗೆ ದೊಡ್ಡಬಳ್ಳಾಪುರದ ಅಕ್ಕನ ಮನೆಯಲ್ಲಿ, ಮಗ್ಗಗಳ ಸದ್ದಿನ ನಡುವೆ, ಫೋನು ಬಂದ್ ಮಾಡಿಕೊಂಡು ಕೂತಳು. ಉಮಾಶಂಕರ್ ಬಂದು ಬಾಗಿಲು ಬಡಿದ, ಬೇಡಿದ, ಬೈದ, ಕೊನೆಗೆ, “ಮಗೂಗೆ ಏನೂ ಆಗ್ತಿರ್ಲಿಲ್ಲ ಕಣೇ, ಹಾಳು ಮಾಡ್ಬಿಟ್ಟೆ,” ಎಂದು ಜಗಲಿಯಲ್ಲಿ ಕೂತು ಅತ್ತ. ಅವನು ಮಗಳನ್ನು ತೋರಿಸು ಎಂದು ಒಂದು ಸಲವೂ ಕೇಳಲಿಲ್ಲ.

ಅಕ್ಷತ ಅಧಿಕಾರ ವಹಿಸಿಕೊಂಡ ದಿನ ಸುನಿಲ್‌ಕುಮಾರ್, ಊರಿಗೆ ಮರಳಿದ್ದ ರಂಜಿತಳ ಮನೆಗೇ ಬಂದು, ಅತ್ತಿಗೆ ಬರದಿದ್ದರೆ ನಾನು ಇಲ್ಲಿಂದ ಏಳುವುದಿಲ್ಲ ಎಂದು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಹೋದ. ವೇದಿಕೆಯ ಮೇಲೆ ಕೀರ್ತನಳನ್ನು ನಿಲ್ಲಿಸಿ, ಅವಳ ತಲೆಯ ಮೇಲೆ ಕೈಯಿಟ್ಟ. “ನೋಡ್ರಪ್ಪಾ, ಮಗು ಉಳೀತು! ಮಾತು ಉಳಿದ್ರೆ ಮಗು ಉಳಿಯುತ್ತೆ. ನಮ್ಮ ಪುರಸಭೆ ಇವತ್ತು ಒಂದು ಜೀವ ಉಳ್ಸೈತೆ!” ಜನ ಚಪ್ಪಾಳೆ ತಟ್ಟಿದರು. ಕೆಲವು ಹೆಂಗಸರು ನಿಜವಾಗಿ ಅತ್ತರು. ಮೈಸೂರುಪಾಕು ಹಂಚಿದರು. ಉಮಾಶಂಕರನೂ ಒಂದು ತುಂಡು ತಿಂದ. ವಾರದೊಳಗೆ ಅವನು ಸುನಿಲ್‌ಕುಮಾರನ ಲೇಔಟಿನಲ್ಲಿ ಒಂದು ಸೈಟಿನ ಮಾಲೀಕನಾಗಿದ್ದ.

ನೀಲಿ ಪೈಪುಗಳನ್ನು ಟ್ರ್ಯಾಕ್ಟರಿಗೆ ಹೇರಿ ಆ ಲೇಔಟಿಗೇ ಸಾಗಿಸಿದರು. ಹೆಚ್ಚಿನ ಜನಸಂಖ್ಯೆಗೆ ಅನುಕೂಲವಾಗುವಂತೆ ಮಾರ್ಗ ಬದಲಾವಣೆ ಎಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಲೇಔಟಿನಲ್ಲಿ ಆಗ ಒಂದು ಮನೆಯೂ ಇರಲಿಲ್ಲ. ರಂಜಿತ ಎದ್ದು ನಿಂತು ಮಾತಾಡಿದಳು. ಬರೀ ಮೆಂಬರಿನ ಮಾತು, ಅದೂ ಮಗಳ ತಲೆ ಮೇಲೆ ಆಟ ಆಡಿದವಳ ಮಾತು, ಯಾರು ಕೇಳಬೇಕು? ಅಕ್ಷತ ಗಂಡ ಹೇಳಿಕೊಟ್ಟ ಕಡೆ ಸಹಿ ಹಾಕಿದಳು. ಕೇರಿಯವರೆಗೆ ತೋಡಿದ್ದ ಗುಂಡಿ ಮಳೆಗೆ ತುಂಬಿತು, ಮೇಕೆಯೊಂದು ಬಿದ್ದು ಸತ್ತಿತು.

ವ್ಯಾನು ಮತ್ತೆ ಅವರ ಬೀದಿಗೆ ಬರತೊಡಗಿತು. ಕೀರ್ತನ ಹತ್ತಲು ಒಪ್ಪಲಿಲ್ಲ. ಹಾಗಾಗಿ ತಾಯಿ ಮಗಳು ಬೆಳಿಗ್ಗೆ ನಡೆದೇ ಶಾಲೆಗೆ ಹೋಗುತ್ತಿದ್ದರು. ದಾರಿಯಲ್ಲಿ ಊರಿನ ಕೊನೆಯ ನಲ್ಲಿ ಸಿಗುತ್ತದೆ. ಊರವರು ಹಿಡಿದು ಮುಗಿಸುವವರೆಗೆ ಕೇರಿಯ ಹೆಂಗಸರು ಅಲ್ಲಿ ಬಿಂದಿಗೆ ಇಟ್ಟುಕೊಂಡು ಕಾಯುತ್ತಾರೆ. ಅಷ್ಟರಲ್ಲಿ ನೀರು ನಿಂತಿರುತ್ತದೆ. ಒಂದು ಬೆಳಿಗ್ಗೆ ಬಿಸಿಲಿಗೆ ದಣಿದು ಕೀರ್ತನ ಅಲ್ಲೇ ನಿಂತು ಬಾಟಲಿ ಎತ್ತಿ ಕುಡಿಯುತ್ತಿದ್ದಳು. ಮುತ್ತಮ್ಮ ಕಲ್ಲಿನ ಮೇಲೆ ಕೂತಿದ್ದಳು. ರಂಜಿತಳ ಕಡೆ ತಿರುಗಿಯೂ ನೋಡಲಿಲ್ಲ.

“ಕುಡಿ ಮಗಾ,” ಎಂದಳು ಹುಡುಗಿಗೆ. “ನಮ್ದೂ ಸೇರ್ಸಿ ಕುಡಿ. ಬದುಕ್ಕಂಡಿದ್ದೀಯಲ್ಲ.”

ಸುತ್ತ ಕೂತ ಹೆಂಗಸರಲ್ಲಿ ಒಬ್ಬರೂ ಅವಳನ್ನು ಸುಮ್ಮನಿರಿಸಲಿಲ್ಲ. ಕೀರ್ತನ ಬಾಟಲಿಯನ್ನು ಬಾಯಿಂದ ತೆಗೆದಳು. ಮುಂದೆ ಹೋಗಿ ಬಾಟಲಿಯನ್ನು ಮುದುಕಿಗೆ ಚಾಚಿದಳು. ಮುತ್ತಮ್ಮ ಬೇಡವೆನ್ನುತ್ತಾಳೆ ಎಂದು ರಂಜಿತ ಕಾದಳು. ಮುತ್ತಮ್ಮ ಬೇಡವೆನ್ನಲಿಲ್ಲ. ಇಸಿದುಕೊಂಡು, ಕೊನೆಯ ಹನಿಯವರೆಗೂ ತನ್ನ ಬಿಂದಿಗೆಗೆ ಬಗ್ಗಿಸಿ, ಖಾಲಿ ಬಾಟಲಿಯನ್ನು ವಾಪಸ್ ಕೊಟ್ಟಳು.

ಮರುದಿನ ಬೆಳಿಗ್ಗೆ ಕೀರ್ತನ ಎರಡು ಬಾಟಲಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

“ಒಂದು ಆ ಅಜ್ಜಿಗೆ,” ಎಂದಳು. “ಎಷ್ಟ್ ದಿನ ಕೊಡ್ಬೇಕಮ್ಮಾ?”

ರಂಜಿತ ಎರಡೂ ಬಾಟಲಿ ತುಂಬಿಸಿ, ಮುಚ್ಚಳ ಬಿಗಿದು, ಮಗಳ ಬ್ಯಾಗಿನ ಎರಡು ಬದಿಗೆ ಒಂದೊಂದನ್ನು ಇಟ್ಟಳು.